ಗರಿಗಾಲದಲ್ಲಿ ನೀಲಗಂಗೆಯ ಕೆನ್ನೆ

ಇದನ್ನು ಬರೆಯಲು ಕೂತದ್ದೇ ನನ್ನ ಅಧಿಕಪ್ರಸಂಗವಾಯಿತೇನೋ. ನಮ್ಮೂರಲ್ಲಿ ನನಗಿಂತ ಚೆನ್ನಾಗಿ ಹೇಳಬಲ್ಲವರು ಇದ್ದರು. ಅವರಲ್ಲಿ ಹೆಚ್ಚಿನವರು ಈಗಿಲ್ಲ, ಉಳಿದವರಿಗೆ ಹೇಳಬೇಕೆಂದು ಅನ್ನಿಸಿದಂತಿಲ್ಲ. ನಾನು ಹಗಲು ನೂಲಿಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ದುಡಿದು, ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವಳು. ಗೊತ್ತಿದ್ದನ್ನು ಗೊತ್ತಿದೆ ಎಂದು ಬರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆ ಎಂದು ಅಲ್ಲಿಯ ಮಾಸ್ತರರು ಹೇಳುತ್ತಿದ್ದರು. ಹಾಗೆ ಬರೆಯಲು ಹೊರಟ ಮೇಲೆಯೇ ನನಗೆ ಗೊತ್ತಿರುವುದು ಎಷ್ಟು ಕಡಿಮೆ ಎಂಬುದು ತಿಳಿದದ್ದು. ಅದರಲ್ಲೂ ಇದು ನನ್ನ ತಂಗಿಯ ವಿಷಯ. ತಪ್ಪು ಬರೆದರೆ ತಿದ್ದಲು ಅವಳೂ ಇಲ್ಲ. ಓದುವವರು ಮನ್ನಿಸಬೇಕು.

ನಮ್ಮೂರಿನ ಹಕ್ಕಿಗೆ ನಾವು ಗುಂಗಿಹಕ್ಕಿ ಎನ್ನುತ್ತಿದ್ದೆವು. ಹೆಬ್ಬೆರಳಿನಷ್ಟು ಮೈ, ದಬ್ಬಣದಂಥ ಕೊಕ್ಕು. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಸಿಹಿ ಹೀರುವಾಗ ರೆಕ್ಕೆ ಕಾಣುವುದಿಲ್ಲ, ಗುಂಯ್ ಎನ್ನುವ ಸದ್ದಷ್ಟೇ. ಸಂಜೆ ಶಾಲೆಯ ಪುಸ್ತಕವೊಂದರಲ್ಲಿ ಇದರ ಚಿತ್ರವಿತ್ತು, ಕೆಳಗೆ ಹಮ್ಮಿಂಗ್ ಬರ್ಡ್ ಎಂದು ಬರೆದಿತ್ತು. ಭೂಮಿಯ ನಮ್ಮ ಕಡೆಯ ಅರ್ಧದಲ್ಲಿ ಈ ಹಕ್ಕಿ ಇಲ್ಲವೇ ಇಲ್ಲ ಎಂದು ಮಾಸ್ತರರು ಓದಿ ಹೇಳಿದರು. ಅವರು ಹಾಗೆ ಓದುವಾಗ ಅವರ ತಲೆಯ ಮೇಲಿನ ತಂತಿಯಲ್ಲೇ ಅವು ಸಾಲಾಗಿ ಕೂತಿದ್ದವು. ಮಾಸ್ತರರು ಮೇಲೆ ನೋಡಿದರು, ಪುಸ್ತಕ ನೋಡಿದರು, ಮುಂದಿನ ಪಾಠಕ್ಕೆ ಹೋದರು.

ಮಳೆ ನಿಂತು ಚಳಿ ಇನ್ನೂ ಹತ್ತದ ದಿನಗಳಲ್ಲಿ ಅವು ಗರಿ ಬಿಡುತ್ತಿದ್ದವು. ಅದು ಗರಿಗಾಲ. ಒಮ್ಮೆಗೇ ಬಿಡುವುದಿಲ್ಲ. ಎಡರೆಕ್ಕೆಯದೊಂದು ಬಿದ್ದರೆ ಬಲರೆಕ್ಕೆಯಲ್ಲಿ ಅದರ ಜೋಡಿಯೂ ಬೀಳುತ್ತದೆ, ಹಾಗಾಗಿ ಹಾರಲು ಆಗುತ್ತದೆ, ಆದರೆ ಕಷ್ಟಪಟ್ಟು. ಆಮೇಲೆ ಮೈ, ಆಮೇಲೆ ತಲೆ. ತಲೆ ಬೋಳಾಗಿ, ಅಲ್ಲಿ ಹೊಸ ಗರಿಯ ಕೊಳವೆಗಳು ಮುಳ್ಳಿನ ಹಾಗೆ ಎದ್ದು, ನೋಡಿದವರಿಗೆ ಏನೋ ರೋಗ ಬಂದಿದೆ ಎನಿಸಬೇಕು. ಕೊರಳಿನ ಹೊಳಪು ಎಲ್ಲಕ್ಕಿಂತ ಕೊನೆಗೆ ಬರುವುದು. ಆ ದಿನಗಳಲ್ಲಿ ಅವಕ್ಕೆ ಹಸಿವು ಹೆಚ್ಚು, ಕಸುವು ಕಡಿಮೆ. ಬೆಳಗಿನ ಥಂಡಿಗೆ ನಮ್ಮ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಸೆಟೆದು ಕೂತಿರುತ್ತಿದ್ದವು. ಅದಕ್ಕೆ ಚಳಿನಿದ್ದೆ ಎನ್ನುತ್ತಿದ್ದೆವು. ಬಿಸಿಲು ತಾಗುವವರೆಗೆ ಯಾರೂ ಹಗ್ಗ ಮುಟ್ಟುತ್ತಿರಲಿಲ್ಲ. ಮನೆಮನೆಯಲ್ಲೂ ಸಕ್ಕರೆ ನೀರು ಕುದಿಯುವ ವಾಸನೆ. ಆ ವಾಸನೆ ಎಲ್ಲಿಯಾದರೂ ಬಂದರೆ ಈಗಲೂ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ, ಎಲ್ಲಿ ಗರಿ ತುಳಿದೇನೋ ಎಂದು.

ಗರಿಗಾಲದಲ್ಲಿ ಅವು ಕೆಂಪನ್ನು ಕಂಡರೆ ಬಿಡುತ್ತಿರಲಿಲ್ಲ. ಹೂವೇ ಆಗಬೇಕೆಂದಿಲ್ಲ, ಕೆಂಪಾದರೆ ಸಾಕು, ಅದರ ಮುಂದೆ ನಿಂತು ಗುಂಯ್ಗುಡುತ್ತಾ, ಒಂದು ತೊಟ್ಟು ಸಿಗದಿದ್ದರೂ ಸೋತು ಕೆಳಗೆ ಬೀಳುವವರೆಗೆ ನಿಲ್ಲುತ್ತಿದ್ದವು. ಬಿದ್ದರೆ ಬೆಕ್ಕು, ಇಲ್ಲವೇ ಇರುವೆ. ಹಾಗಾಗಿ ಆ ದಿನಗಳಲ್ಲಿ ಊರಿನಲ್ಲಿ ಕೆಂಪು ಇರಕೂಡದು. ಅಂಚೆ ಡಬ್ಬಿಗೆ ಗೋಣಿಚೀಲ ತೊಡಿಸುತ್ತಿದ್ದರು. ಹುಂಜದ ಜುಟ್ಟಿಗೆ ಮಸಿ ಬಳಿಯುತ್ತಿದ್ದರು, ಅದು ದಿನವಿಡೀ ಅವಮಾನವಾದಂತೆ ತಲೆ ಕೊಡವುತ್ತಿತ್ತು. ಕುಂಕುಮದ ಬದಲು ವಿಭೂತಿ. ಮೆಣಸಿನಕಾಯಿ ಒಣಹಾಕುವುದು ಒಳಗೆ, ಕತ್ತಲಲ್ಲಿ. ಶೆಡ್ಡಿನಲ್ಲಿ ಕೆಂಪು ಹಂಡೆಗೆ ಮುಚ್ಚಳ ಬೀಳುತ್ತಿತ್ತು, ನಾವು ನೀಲಿ ಮಾತ್ರ ಅದ್ದುತ್ತಿದ್ದೆವು. ಮಾಸ್ತರರು ನಮ್ಮ ತಪ್ಪುಗಳನ್ನು ಹಸಿರು ಶಾಯಿಯಲ್ಲಿ ತಿದ್ದುತ್ತಿದ್ದರು, ಆ ಒಂದು ತಿಂಗಳು ತಪ್ಪುಗಳು ಅಷ್ಟು ನೋಯಿಸುತ್ತಿರಲಿಲ್ಲ. ಎಲ್ಲರಿಗಿಂತ ಕಷ್ಟ ಎಲೆಅಡಿಕೆ ಜಗಿಯುವವರದು. ಸಂಜೆಯಾದರೆ ಕಟ್ಟೆಯ ಮೇಲೆ ಬಾಯಿ ಒಣಗಿಸಿಕೊಂಡು ಕೂತು, ಬಂದವರ ಮೇಲೆಲ್ಲ ರೇಗುತ್ತಿದ್ದರು.

ನನ್ನ ತಂಗಿ ನೀಲಗಂಗೆಯ, ನಮ್ಮೆಲ್ಲರ ಬಾಯಲ್ಲಿ ನೀಲಿಯ, ಎಡಗೆನ್ನೆಯ ಮೇಲೆ ಹುಟ್ಟಿನಿಂದಲೇ ಒಂದು ಕೆಂಪು ಮಚ್ಚೆ ಇತ್ತು. ಚಿಕ್ಕದಲ್ಲ. ಕಣ್ಣಿನ ಕೆಳಗಿನಿಂದ ದವಡೆಯವರೆಗೆ, ಅಂಗೈ ಒತ್ತಿ ತೆಗೆದ ಹಾಗೆ.

ಉಳಿದ ಹನ್ನೊಂದು ತಿಂಗಳು ಊರಿನಲ್ಲಿ ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಗರಿಗಾಲ ಬಂದರೆ ಅವಳನ್ನು ಒಳಕೋಣೆಯಲ್ಲಿ ಇರಿಸುತ್ತಿದ್ದೆವು. ಬೂದಿ ಬಳಿದು ನೋಡಿದೆವು, ಗಂಧ ಬಳಿದು ನೋಡಿದೆವು. ಬೆವರಿಗೆ ಏನೂ ನಿಲ್ಲಲಿಲ್ಲ. ಬಟ್ಟೆ ಕಟ್ಟಿದರೂ ಹಕ್ಕಿಗಳಿಗೆ ಹೇಗೋ ತಿಳಿಯುತ್ತಿತ್ತು, ಸುತ್ತ ಬಂದು ಬಟ್ಟೆಯ ಅಂಚನ್ನು ಕೊಕ್ಕಿನಿಂದ ಎತ್ತಿ ನೋಡುತ್ತಿದ್ದವು. ಒಳಗೆ ಒಣಹಾಕಿದ ಮೆಣಸಿನಕಾಯಿ ರಾಶಿ ಪಕ್ಕದಲ್ಲಿದ್ದರೂ ಅದನ್ನು ಬಿಟ್ಟು ಅವಳ ಕೆನ್ನೆಗೇ ಬರುತ್ತಿದ್ದವು. ಇದಕ್ಕೆ ನನ್ನಲ್ಲಿ ಕಾರಣವಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ಒಳಕೋಣೆಗೆ ಕಿಟಕಿ ಇರಲಿಲ್ಲ. ನಾನು ಶೆಡ್ಡಿನಿಂದ ಬಂದು, ಶಾಲೆಗೆ ಹೋಗಿ ಬಂದು, ಅಂದಿನ ಪಾಠವನ್ನು ಅವಳಿಗೆ ಬಾಗಿಲ ಸಂದಿಯಿಂದ ಹೇಳುತ್ತಿದ್ದೆ. ಅವಳು ನನಗಿಂತ ಬೇಗ ಕಲಿಯುತ್ತಿದ್ದಳು. ಒಮ್ಮೊಮ್ಮೆ ಒಳಗಿನಿಂದ, "ಅಕ್ಕಾ, ಪಾಠ ಸಾಕು. ಇವತ್ತ ಹಗ್ಗದ ಮ್ಯಾಲ ಎಷ್ಟ್ ಬೋಳುತಲಿ ಕುಂತಿದ್ವು, ಅದನ್ನ ಹೇಳು" ಎನ್ನುತ್ತಿದ್ದಳು.

ನಾನು ಹೇಳಹೊರಟ ವರ್ಷದ ಹಿಂದಿನ ಗರಿಗಾಲದಲ್ಲಿ ಒಂದು ಕೆಟ್ಟದಾಯಿತು. ನೀಲಿ ಮುಖ ತೊಳೆಯಲು ಹಿತ್ತಲಿಗೆ ಬಂದಿದ್ದಳು, ಒಂದು ಗಳಿಗೆ ಅಷ್ಟೇ. ಒಂದು ಹಕ್ಕಿ ಬಂದು ಅವಳ ಕೆನ್ನೆಯ ಮುಂದೆ ನಿಂತಿತು. ಗೋಡೆಯ ಮೇಲಿಂದ ಬೆಕ್ಕು ಹಾರಿತು. ಮುಗಿಯಿತು.

ಗರಿಗಾಲದಲ್ಲಿ ಹಕ್ಕಿಗಳನ್ನು ಕಾಯಲು ಊರಿನವರು ಮಾಡಿಕೊಂಡಿದ್ದ ಗರಿ ಸಮಿತಿಯ ಯಜಮಾನ ಮುರಿಗೆಪ್ಪ ಕಾಕಾ ನಮ್ಮ ಮನೆಗೆ ಬಂದರು. ಸೈಕಲ್ ರಿಪೇರಿ ಮಾಡುವ ಮನುಷ್ಯ, ಬೋಳುತಲೆ, ಒಂದು ಇರುವೆಯನ್ನೂ ಅರಿತು ತುಳಿದವರಲ್ಲ. ಕೆಟ್ಟವರು ಎಂದು ಯಾರೂ ತಿಳಿಯಬಾರದು. ಹೊಸ್ತಿಲ ಹೊರಗೇ ನಿಂತು, ಅವ್ವನ ಮುಖ ನೋಡದೆ ಹೇಳಿದರು.

"ಯಕ್ಕಾ, ಈ ಸರ್ತಿ ಆದದ್ದು ಆತು. ಮುಂದಿನ ಗರಿಗಾಲದಾಗ ಈ ಹುಡುಗಿ ದೆಸಿಂದ ಒಂದು ಹಕ್ಕಿ ಬಿತ್ತಂದ್ರೂ ಆಕಿ ಈ ಊರಾಗ ಇರೂದು ಬ್ಯಾಡ. ಆಕಿ ಸೋದರಮಾವನ ಊರಿಗೆ ಕಳಿಸಿಬಿಡ್ರಿ. ಅಲ್ಲಿ ಈ ಹಕ್ಕಿ ಇಲ್ಲ. ಆಕಿಗೂ ಚಲೋ ಅಲ್ಲೇನು?"

"ಒಂದ ತಿಂಗಳಿಗೇನು?" ಎಂದು ಅವ್ವ ಕೇಳಿದಳು.

"ಇಲ್ಲಬೇ. ಕಾಯಂ."

ಇಷ್ಟು ಹೇಳಿ ಅವರೇ ಅತ್ತರು. ಅವ್ವ ಅಳಲಿಲ್ಲ. ಸೋದರಮಾವನ ಮನೆಯಲ್ಲಿ ನೀಲಿಯನ್ನು ಹೇಗೆ ನೋಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಆ ಮಾವ ಒಮ್ಮೆ ಬಂದಾಗ ಊಟಕ್ಕೆ ಕೂತು, ಅವಳನ್ನು ಬೇರೆ ಕಡೆ ತಿರುಗಿ ಬಡಿಸಲು ಹೇಳಿದ್ದರು.

ಮರುವರ್ಷ ನಾವು ನೀಲಿಯನ್ನು ಗರಿಗಾಲಕ್ಕೆ ಮೊದಲೇ ಒಳಗೆ ಕಳಿಸಿದೆವು. ಅದೇ ವರ್ಷ ಸಮಿತಿ ಗಾಜಿನ ವಿಷಯ ಎತ್ತಿಕೊಂಡಿತು. ಅಷ್ಟರಲ್ಲಿ ಊರಿನ ಬಹಳ ಮನೆಗಳ ಕಿಟಕಿಗೆ ಗಾಜು ಬಂದಿತ್ತು. ಗಾಜಿನಲ್ಲಿ ಆಕಾಶ ಕಂಡು ಹಕ್ಕಿಗಳು ಹಾರಿಬಂದು ಬಡಿದುಕೊಳ್ಳುತ್ತಿದ್ದವು. ಬೆಕ್ಕನ್ನು ಕಟ್ಟಬಹುದು, ಜೇಡರಬಲೆ ಗುಡಿಸಬಹುದು, ಫ್ಯಾನು ನಿಲ್ಲಿಸಬಹುದು, ಗಾಜನ್ನು ಏನು ಮಾಡುವುದು? ಗಾಜಿನ ಹೊರಮೈಗೆ ಸುಣ್ಣ ಬಳಿದುಬಿಟ್ಟರೆ ಆಕಾಶ ಕಾಣುವುದಿಲ್ಲ ಎಂದು ಮುರಿಗೆಪ್ಪ ಕಾಕಾ ಹೇಳಿದರು. ಎಲ್ಲರಿಗೂ ಒಪ್ಪಿಗೆಯಾಯಿತು.

ಕಿಟಕಿಯ ಚೌಕಟ್ಟುಗಳಿಗೆ ನಾವು ಪ್ರತಿ ಗರಿಗಾಲದಲ್ಲೂ ಅರಿಶಿಣ ಬಳಿಯುತ್ತಿದ್ದೆವು. ಸಕ್ಕರೆ ನೀರಿನ ಕರಟ ತೂಗುಹಾಕುವುದು ಅಲ್ಲೇ, ಅರಿಶಿಣಕ್ಕೆ ಇರುವೆ ಬರುವುದಿಲ್ಲ. ಅರಿಶಿಣಕ್ಕೆ ಸುಣ್ಣ ಕೂಡಿದರೆ ಏನಾಗುತ್ತದೆ ಎಂದು ಗೊತ್ತಿಲ್ಲದ ಮನೆ ಯಾವುದು? ಆರತಿಯ ತಟ್ಟೆಯಲ್ಲಿ ನೋಡಿಲ್ಲದವರು ಯಾರು? ಹಾಗಾಗಿ ಊರು ತಿಳಿಗೇಡಿಯಾಗಿತ್ತು ಎಂದು ದಯವಿಟ್ಟು ತಿಳಿಯಬೇಡಿ. ಪಕ್ಕದ ಮನೆಯ ಮಂಡಕ್ಕಿ ಮಾರುವ ಸಂಗಮ್ಮ ಸಭೆಯಲ್ಲೇ ಕೇಳಿದಳು.

"ಮುರಿಗೆಪ್ಪಾ, ಸುಣ್ಣ ಸಿಡದು ಅರಿಶಿಣಕ್ಕ ತಾಗಿದ್ರ? ಕಿಟಕಿಗೆಲ್ಲ ಆರತಿ ಎತ್ತಿದಂಗ ಆಕ್ಕೈತಿ ನೋಡು."

"ಎರಡು ಬೆರಳು ಬಿಟ್ಟು ಬಳಿಯೂದು. ಅಂಚಿಗೆ ನಾನ ನಿಂತು ಬಳಿಸ್ತೀನಿ."

ಅವರು ಹೇಳಿದಂತೆಯೇ ಮಾಡಿದರು. ಮನೆಮನೆಗೂ ಹೋಗಿ, ಚಿಕ್ಕ ಕುಂಚ ಹಿಡಿದು, ಗಾಜಿನ ಅಂಚು ಬಿಟ್ಟು ಬಳಿದರು. ನಾನು ನೋಡಿದ್ದೇನೆ, ಅಷ್ಟು ಜೋಪಾನದ ಕೆಲಸವನ್ನು ನಮ್ಮ ಶೆಡ್ಡಿನಲ್ಲಿಯೂ ಯಾರೂ ಮಾಡುತ್ತಿರಲಿಲ್ಲ. ಊರೆಲ್ಲ ಬೆಳ್ಳಗೆ, ಹಳದಿ ಅಂಚು ಕಟ್ಟಿಕೊಂಡು ಚಂದ ಕಂಡಿತು. ಸುಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮರುದಿನ ಬೆಳಕು ಹರಿಯುವಾಗ, ಆ ದಿನಗಳಲ್ಲಿ ಎಂದೂ ಬಾರದ ಜಿಟಿಮಳೆ ಬಂತು. ನೆಲ ನೆನೆಯುವಷ್ಟೂ ಇಲ್ಲ. ಸುಣ್ಣ ಇಳಿಯಲು ಅಷ್ಟು ಸಾಕಾಯಿತು.

ನಾನು ಎದ್ದು ಹೊರಗೆ ಬಂದಾಗ ಗಾಜುಗಳು ತೊಳೆದಂತೆ ನಿಚ್ಚಳವಾಗಿದ್ದವು, ಒಂದೊಂದರಲ್ಲೂ ಆಕಾಶವಿತ್ತು. ಪ್ರತಿ ಗಾಜಿನ ಸುತ್ತ ಚೌಕಟ್ಟು ಕೆಂಪಾಗಿತ್ತು. ನಮ್ಮ ಬೀದಿ, ಮುಂದಿನ ಬೀದಿ, ಗುಡಿಯ ಹಿಂದಿನ ಬೀದಿ, ಎಲ್ಲ ಕಡೆ. ಹಗ್ಗಗಳ ಮೇಲಿನ ಹಕ್ಕಿಗಳಿಗೆ ಬಿಸಿಲು ತಾಗಿ ಎಚ್ಚರವಾಗುತ್ತಿತ್ತು.

ಗುಂಗಿಹಕ್ಕಿ ಗಾಜಿಗೆ ಬಡಿದರೆ ದೊಡ್ಡ ಸದ್ದಾಗುವುದಿಲ್ಲ. ನೆನೆಸಿದ ಕಡಲೆಕಾಳು ತಟ್ಟೆಗೆ ಬಿದ್ದ ಹಾಗೆ, ಟಪ್. ಮೊದಲು ಒಂದು ಮನೆಯಿಂದ, ಆಮೇಲೆ ಇನ್ನೊಂದು ಮನೆಯಿಂದ, ಆಮೇಲೆ ಎಲ್ಲಿಂದ ಎಂದು ಹೇಳಲಾಗಲಿಲ್ಲ.

ಜನ ಹೊರಗೆ ಓಡಿಬಂದರು. ಕಂಬಳಿ ಎಳೆದು ತಂದು ಕಿಟಕಿಗೆ ಹಿಡಿದರು. ಒಂದು ಕಿಟಕಿ ಮುಚ್ಚಿದರೆ ಹಕ್ಕಿ ಪಕ್ಕದ ಕಿಟಕಿಗೆ ಹೋಗುತ್ತಿತ್ತು. ಸಂಗಮ್ಮ ಬೀದಿಯ ನಡುವೆ ನಿಂತು ಕೂಗಿದಳು. "ಹುಣಸಿಹುಳಿ ಕಲಸ್ರೇ! ಹುಳಿ ಹಚ್ಚಿದ್ರ ಕೆಂಪು ಹೋಗಿ ಹಳದಿ ಆಕ್ಕೈತಿ! ನೋಡ್ತಾ ಏನ್ ನಿಂತೀರಿ, ಒಳಗ ಹೋಗ್ರಿ!" ಹುಳಿಯ ಸಂಗತಿಯೂ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಹುಣಸೆ ನೆನೆಯಬೇಕು, ಕಿವುಚಬೇಕು, ಊರಿನ ಕಿಟಕಿಗಳನ್ನೆಲ್ಲ ತಿಕ್ಕಬೇಕು. ಅಷ್ಟು ಹೊತ್ತು ಹಕ್ಕಿಗಳು ಕಾಯುತ್ತವೆಯೇ?

ನಾನು ಹುಣಸೆ ತರಲು ಒಳಗೆ ಬಂದೆ. ನೀಲಿ ನಡುಮನೆಯಲ್ಲಿ ನಿಂತಿದ್ದಳು. ಕೆನ್ನೆಯ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಒಳಗ ಹೋಗು ನೀಲಿ. ಒಂದ ಹಕ್ಕಿ ಬಿದ್ರ ಊರು ಬಿಡಬೇಕಾಗ್ತೈತಿ, ಮರತೇನು?"

"ಮರತಿಲ್ಲ."

"ಮತ್ತ?"

"ಯವ್ವಾ, ಒಳಗ ಕುಂತ್ರ ಈ ಸದ್ದು ಗ್ವಾಡಿ ದಾಟಿ ಬರ್ತೈತಿ. ಅವು ನನ್ನ ಕಂಡ್ರ ಕಿಟಕಿ ಬಿಡ್ತಾವು. ನಿನಗೂ ಗೊತ್ತೈತಿ ಅದು." ನನ್ನ ಕಡೆ ತಿರುಗಿ ಕೇಳಿದಳು, "ಗಾಜು ಇಲ್ಲದ ಜಾಗ ಯಾವುದೈತಿ ಅಕ್ಕಾ, ಸಂತಿಬಯಲು ಅಲ್ಲ?"

ನಾನು ಹೌದೆಂದೆನೋ ಸುಮ್ಮನೆ ತಲೆಯಾಡಿಸಿದೆನೋ ನೆನಪಿಲ್ಲ. ಅವ್ವ ಬಾಗಿಲು ಬಿಡಲಿಲ್ಲ. ಹೊರಗೆ ನಮ್ಮದೇ ಕಿಟಕಿಗೆ ಟಪ್ ಎಂದಿತು. ಅವ್ವ ಕಣ್ಣು ಮುಚ್ಚಿಕೊಂಡಳು, ಪಕ್ಕಕ್ಕೆ ಸರಿದಳು.

ನೀಲಿ ಓಡಲಿಲ್ಲ. ಬೀದಿಯ ನಡುವೆ, ಎಡಗೆನ್ನೆಯನ್ನು ಬಿಸಿಲಿಗೆ ಹಿಡಿದು ನಡೆದಳು. ಗರಿಗಾಲದಲ್ಲಿ ಅವಳು ಆ ಬೀದಿಯಲ್ಲಿ ನಡೆದದ್ದನ್ನು ಊರಿನವರು ಕಂಡಿದ್ದೇ ಇಲ್ಲ. ಹುಳಿಕೈಯಲ್ಲಿ ನಿಂತವರು ನಿಂತೇ ಇದ್ದರು. ಮೊದಲ ಹಕ್ಕಿ ನಮ್ಮ ಕಿಟಕಿಯಿಂದಲೇ ತಿರುಗಿತು. ಆಮೇಲೆ ಎದುರುಮನೆಯದು. ಅವಳು ಮೂಲೆ ತಿರುಗುವ ಹೊತ್ತಿಗೆ ಅವಳ ಹಿಂದೆ ಒಂದು ಬೂದುಬಣ್ಣದ ಹೊಗೆ ತೇಲಿಬರುತ್ತಿರುವಂತಿತ್ತು. ಹೊಳೆಯುವ ಹಕ್ಕಿ ಒಂದೂ ಇರಲಿಲ್ಲ. ಎಲ್ಲ ಹರುಕುರೆಕ್ಕೆ, ಬೋಳುತಲೆ. ಗುಂಯ್ಗುಡುವ ಸದ್ದು ಕೂಡ ಸರಿಯಾಗಿರಲಿಲ್ಲ, ಗರಿ ಬಿದ್ದ ಜಾಗದಲ್ಲಿ ಗಾಳಿ ಸಿಳ್ಳು ಹಾಕುತ್ತಿತ್ತು.

ಸಂತೆಬಯಲಿನಲ್ಲಿ ಅವಳು ಕಣ್ಣುಮುಚ್ಚಿ ನಿಂತಳು, ಎರಡೂ ಕೈ ಅಗಲಿಸಿ. ಅವು ಕೆನ್ನೆಯ ಮುಂದೆ ಒಂದೊಂದಾಗಿ ಬಂದು ನಿಂತವು, ದಣಿದದ್ದು ಅವಳ ತೋಳಿನ ಮೇಲೆ ಕೂತಿತು, ಮತ್ತೊಂದು ಬಂತು. ಕೈ, ಹೆಗಲು, ಜಡೆ, ಸೆರಗು. ಕೊಕ್ಕುಗಳು ಕಣ್ಣಿನ ರೆಪ್ಪೆಯ ಹತ್ತಿರ ಆಡುತ್ತಿದ್ದವು, ಅವಳು ಅಲುಗಲಿಲ್ಲ. ನಾವು ಕೆಲವರು ಪೊರಕೆ ಹಿಡಿದು ಸುತ್ತ ನಿಂತೆವು, ಬೆಕ್ಕು ಬಾರದಂತೆ. ಉಳಿದವರು ಕಿಟಕಿ ತಿಕ್ಕಲು ಓಡಿದರು.

ಮುರಿಗೆಪ್ಪ ಕಾಕಾ ಬಂದವರು ಗರಬಡಿದ ಹಾಗೆ ನೋಡುತ್ತ ನಿಂತರು. ಸಂಗಮ್ಮನಿಗೆ ಅಂಥ ಹೊತ್ತಿನಲ್ಲೂ ಬಾಯಿ ತಡೆಯಲಿಲ್ಲ.

"ಊರಿನ ಬೋಳುತಲಿ ಎಲ್ಲ ಇಲ್ಲೇ ಕೂಡ್ಯಾವು. ನೀನೂ ಹೋಗಿ ಒಂದು ಕೈಮ್ಯಾಲ ಕುಂದ್ರು ಮುರಿಗೆಪ್ಪಾ."

ನೀಲಿಯ ತುಟಿ ಅಲುಗಿತು. "ಚಿಗವ್ವಾ, ನಗಸಬ್ಯಾಡ," ಎಂದಳು ಬಾಯಿ ತೆರೆಯದೆ, "ಹಾರಿಹೋಗ್ತಾವು."

ಅವಳ ತೋಳುಗಳು ಸೋತು ಇಳಿಯತೊಡಗಿದಾಗ ಅವ್ವ ಹೋಗಿ ಒಂದು ತೋಳಿನ ಕೆಳಗೆ ತನ್ನ ಹೆಗಲು ಕೊಟ್ಟಳು. ಇನ್ನೊಂದಕ್ಕೆ ನಾನು ಕೊಟ್ಟೆ. ಹಕ್ಕಿಗಳ ಭಾರವೆಂಬುದು ಇರಲೇ ಇಲ್ಲ, ಆದರೆ ಅವುಗಳ ಎದೆ ಬಡಿಯುವುದು ಅವಳ ತೋಳಿನ ಮೂಲಕ ನನ್ನ ಹೆಗಲಿಗೆ ತಿಳಿಯುತ್ತಿತ್ತು. ಹೆಂಗಸರು ಕರಟಗಳಲ್ಲಿ ಸಕ್ಕರೆ ನೀರು ತಂದು ಸುತ್ತ ಎತ್ತಿ ಹಿಡಿದರು. ಕೆಲವು ಕುಡಿದವು. ಬಿಸಿಲು ನೆತ್ತಿ ದಾಟಿ ಇಳಿಯುವ ಹೊತ್ತಿಗೆ, ಊರಿನ ಕಡೆಯಿಂದ ಎಲ್ಲ ಕಿಟಕಿಯೂ ಹಳದಿಯಾಯಿತು ಎಂದು ಕೂಗಿ ಹೇಳಿದರು. ಅವ್ವ ನೀಲಿಯ ಕೆನ್ನೆಯ ಮೇಲೆ ತನ್ನ ಸೆರಗು ಎಳೆದಳು. ಹಕ್ಕಿಗಳು ಏನೋ ಮರೆತವರ ಹಾಗೆ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಒಂದೊಂದಾಗಿ ಎದ್ದು ತಮ್ಮ ಹಗ್ಗಗಳಿಗೆ ಹೋದವು.

ಒಂದು ಹೋಗಲಿಲ್ಲ. ಅವಳ ಎಡ ಅಂಗೈಯಲ್ಲಿ ಮಲಗಿತ್ತು.

"ಚಳಿನಿದ್ದಿ," ಎಂದಳು ಅವ್ವ ತಟ್ಟನೆ. "ಮಲಗೇತಿ, ಅಷ್ಟ."

ಮಧ್ಯಾಹ್ನದ ಬಿಸಿಲಿನಲ್ಲಿ ಎಂಥ ಚಳಿನಿದ್ದೆ? ಆ ನಿದ್ದೆಯಲ್ಲಿರುವ ಹಕ್ಕಿ ಬೆರಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಇದರ ಕಾಲುಗಳು ಬಿಚ್ಚಿಕೊಂಡಿದ್ದವು. ಅಲ್ಲಿದ್ದವರಿಗೆಲ್ಲ ಅದು ಕಂಡಿತು. ನೀಲಿ ಅಂಗೈಯನ್ನು ಮುರಿಗೆಪ್ಪ ಕಾಕಾನ ಕಡೆ ಚಾಚಿದಳು.

"ಬಿದ್ದೈತಿ ಕಾಕಾ," ಎಂದಳು. "ನನ್ನ ಕೈಯಾಗ."

ಕಾಕಾ ಹೆಗಲ ಮೇಲಿನ ಟವೆಲ್ಲನ್ನು ಗಂಟು ಕಟ್ಟಿ ಕೈಯಲ್ಲಿ ಹಿಡಿದಿದ್ದರು. ಅದು ಏನೆಂದು ನಾವು ಕೇಳಿರಲಿಲ್ಲ. ಅವರು ಕೂತು ಅದನ್ನು ನೆಲದ ಮೇಲೆ ಬಿಚ್ಚಿದರು. ಕಿಟಕಿಗಳ ಕೆಳಗಿನಿಂದ ಹೆಕ್ಕಿ ತಂದ ಹಕ್ಕಿಗಳು. ಯಾರೂ ಎಣಿಸಲಿಲ್ಲ, ನನಗೂ ಎಣಿಸುವ ಧೈರ್ಯವಿರಲಿಲ್ಲ. ಅವರು ನೀಲಿಯ ಅಂಗೈಯಿಂದ ಆ ಒಂದನ್ನು ತೆಗೆದು ಉಳಿದವುಗಳ ನಡುವೆ ಇಟ್ಟರು. ಆಮೇಲೆ ಅದು ಯಾವುದೆಂದು ಗುರುತು ಸಿಗಲಿಲ್ಲ.

ಸಂಗಮ್ಮ ಈ ಸಲ ನಗಿಸಲು ಹೇಳಲಿಲ್ಲ. "ನೀಲಿ ಊರು ಬಿಡಬೇಕಂದ್ರ," ಎಂದಳು, "ನಾವೆಲ್ಲಾರೂ ಗಂಟು ಕಟ್ಟಬೇಕಾಗ್ತೈತಿ. ಮೊದಲು ಯಾರು ಹೊಂಡ್ತೀರಿ, ಹೇಳ್ರಿ."

"ಯಾರೂ ಹೊಂಡೂದಿಲ್ಲ," ಎಂದರು ಮುರಿಗೆಪ್ಪ ಕಾಕಾ, ತಲೆಯೆತ್ತದೆ. "ಆ ಮಾತು ನಾ ಆಡಿದ್ದೆ. ನಾನ ಹಿಂದಕ್ಕ ತಗೊಂಡೆ."

ಆ ವರ್ಷ ಹಕ್ಕಿಗಳ ಕೊರಳಿಗೆ ಹೊಳಪು ಬಂದಾಗ ಮೊದಲ ಎಲೆಅಡಿಕೆಯನ್ನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹಾಕಿಕೊಂಡರು. ಅಷ್ಟು ಜನ ನಮ್ಮ ಕಟ್ಟೆಗೆ ಎಂದೂ ಬಂದಿರಲಿಲ್ಲ. ಊರಿನವರು ಗಾಜು ತೆಗೆಸಿ ಹಲಗೆಯ ಬಾಗಿಲು ಹಾಕಿಸಿದರು. ಮುಂದಿನ ಗರಿಗಾಲಕ್ಕೆ ಮುಂಚೆ ಕಾಕಾ ಮತ್ತೆ ನಮ್ಮ ಮನೆಗೆ ಬಂದರು, ಈ ಸಲ ಒಳಗೆ ಬಂದು ಕೂತು, ನೀಲಿಗೇ ಹೇಳಿದರು. "ಈ ವರ್ಷ ಒಳಗ ಇರಬ್ಯಾಡ ಮಗಾ. ಎಲ್ಲಿ ಬೇಕಾದಲ್ಲಿ ತಿರುಗಾಡು. ನಿನ್ನ ಜೋಡಿ ಪೊರಕಿ ಹಿಡಕೊಂಡು ನಾವು ಪಾಳಿ ಮ್ಯಾಲ ಬರ್ತೀವಿ." ನೀಲಿ ನಕ್ಕು, ಅವರಿಗೆ ಚಹಾ ಕೊಟ್ಟಳು. ಸಂಜೆ ಶಾಲೆಗೆ ಅವಳ ಹೆಸರನ್ನೂ ಹಚ್ಚಿಸಿ ಬಂದೆ. ನನಗಿಂತ ಅವ್ವನಿಗೇ ಸಂಭ್ರಮ ಹೆಚ್ಚಾಗಿತ್ತು.

ಹಗ್ಗದ ಕೆಳಗೆ ಮೊದಲ ಗರಿ ಬಿದ್ದ ದಿನ ಬೆಳಿಗ್ಗೆ ನೀಲಿ ಬೇಗ ಎದ್ದು ಒಳಕೋಣೆಯನ್ನು ಗುಡಿಸಿದಳು. ಒಂದು ಕೊಡ ನೀರು ತುಂಬಿ ಇಟ್ಟುಕೊಂಡಳು. ಚಾಪೆ ಹಾಸಿದಳು. ನಾನು ನೋಡುತ್ತಲೇ ಇದ್ದೆ, ಯಾರಿಗೋ ಜಾಗ ಮಾಡುತ್ತಿದ್ದಾಳೆ ಎಂದುಕೊಂಡೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನೀಲಿ, ಯಾಕ? ಯಾರು ಏನಂದ್ರು?"

"ಯಾರೂ ಏನೂ ಅಂದಿಲ್ಲ ಅಕ್ಕಾ. ಹೋಗು, ಶೆಡ್ಡಿಗೆ ಹೊತ್ತಾತು."

ಮುರಿಗೆಪ್ಪ ಕಾಕಾ ಬಂದು ಬಾಗಿಲ ಹೊರಗೆ ನಿಂತು ಬೇಡಿಕೊಂಡರು. ಸಂಗಮ್ಮ ಬೈದಳು. ಅವ್ವ ಬಾಗಿಲ ಬಳಿಯೇ ಕೂತಿದ್ದಳು. ಒಳಗಿನಿಂದ ಸಿಟ್ಟಿನ ದನಿ ಬರಲಿಲ್ಲ, ದುಃಖದ್ದೂ ಬರಲಿಲ್ಲ. ಗರಿಗಾಲ ಮುಗಿದ ಮೇಲೆ ಹೊರಗೆ ಬಂದಳು, ಎಂದಿನಂತೆ ಶಾಲೆಗೆ ಬಂದಳು, ನನಗಿಂತ ಮುಂದೆ ಹೋದಳು. ಆಮೇಲಿನ ವರ್ಷಗಳಲ್ಲೂ ಹಾಗೆಯೇ ಮಾಡಿದಳು, ತೀರಿಹೋಗುವವರೆಗೂ.

ಹಕ್ಕಿಗಳು ದಣಿಯಬಾರದೆಂದು ಒಳಗೆ ಹೋದಳೋ, ಅಂಗೈಯಲ್ಲಿ ಸತ್ತ ಆ ಒಂದಕ್ಕಾಗಿಯೋ, ನಮ್ಮನ್ನು ನೋಡಲು ಮನಸ್ಸಿಲ್ಲದೆಯೋ, ಇಲ್ಲ ಅಲ್ಲಿ ಅವಳಿಗೆ ಸುಖವಿತ್ತೋ, ನನಗೆ ಗೊತ್ತಿಲ್ಲ. ಕೇಳಿದ್ದೇನೆ, ಬಹಳ ಸಲ ಕೇಳಿದ್ದೇನೆ. ಅವಳು ಪ್ರತಿ ಸಲವೂ ಬೇರೆ ಮಾತು ತೆಗೆದಳು.